ತಾನೇ ಕಲಿತ ಬೇಕರ್‌ಗೆ ದುಡ್ಡು ಎಲ್ಲಿಂದ ಬರುತ್ತದೆ?

ದಾವಣಗೆರೆ ವಿದ್ಯಾನಗರದ ನಮ್ಮ ಬೀದಿಯಲ್ಲಿ ಮೂರು ಮನೆಗಳ ಗೇಟಿಗೆ ಈಗ ಕೇಕಿನ ಫ್ಲೆಕ್ಸ್ ತೂಗುತ್ತದೆ. 2020ರ ಲಾಕ್‌ಡೌನಿಗೆ ಮುಂಚೆ ಒಂದೂ ಇರಲಿಲ್ಲ. ಮೂವರೂ ಹೆಂಗಸರು, ಮೂವರೂ ಯೂಟ್ಯೂಬ್ ನೋಡಿ ಕಲಿತವರು. ಅವರಲ್ಲೊಬ್ಬಳು, ಬಿ.ಇಡಿ. ಮುಗಿಸಿ ಎರಡು ವರ್ಷ ಪಾಠ ಮಾಡಿ ಬಿಟ್ಟವಳು, ಮೊನ್ನೆ ಫೋನ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ಫೋನಿನಲ್ಲಿ ಬ್ರಿಟನ್ನಿನ ಟಿ.ವಿ. ಬೇಕರ್ ನದಿಯಾ ಹುಸೇನ್ ಕೇಕಿನ ಮೇಲೆ ಕೆನೆ ಬಳಿಯುತ್ತಿದ್ದರು. “ಅಕ್ಕಾ, ಇವ್ರೂ ಯಾವ ಕಾಲೇಜಿಗೂ ಹೋಗಿ ಕಲೀಲಿಲ್ವಂತೆ. ಇವ್ರಿಗೆ ಪುಸ್ತಕ, ಟಿ.ವಿ. ಎಲ್ಲಾ ಆತು. ನಂಗೆ ಸಾಮಾನು, ಕರೆಂಟು ಕಳೆದ್ರೆ ಉಳಿಯೋದು ಅಷ್ಟ್ರಾಗೆ ಐತೆ. ಎಲ್ಲಿ ತಪ್ಪಿದೀನಿ ಹೇಳ್ರಿ.”

ಏನೋ ಒಂದು ಸಮಾಧಾನ ಹೇಳಿ ಚಹಾ ಕೊಟ್ಟು ಕಳಿಸಬಹುದಿತ್ತು. ಆದರೆ ಆಕೆ ಕೇಳಿದ್ದು ಈಗ ಊರೂರಿನ ಅಡುಗೆಮನೆಗಳಲ್ಲಿ ಎದ್ದಿರುವ ಪ್ರಶ್ನೆ. ‘ಮನೆಯಲ್ಲೇ ಕಲಿತು ಮನೆಮಾತಾದ ಬೇಕರ್’ ಎಂಬ ಕಥೆಯನ್ನು ಫೋನು ದಿನಕ್ಕೆ ಹತ್ತು ಸಲ ಹೇಳುತ್ತದೆ. ಆ ಕಥೆಯಲ್ಲಿ ದುಡ್ಡು ಯಾವ ಬಾಗಿಲಿನಿಂದ ಒಳಗೆ ಬಂತು ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ನದಿಯಾ ಅವರದನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಲೂಟನ್ ಊರಿನಲ್ಲಿ, ಬಾಂಗ್ಲಾದೇಶದಿಂದ ಹೋಗಿ ನೆಲೆಸಿದ ಮನೆತನದಲ್ಲಿ 1984ರಲ್ಲಿ ಹುಟ್ಟಿದವರು. ಅವರ ತಾಯಿ ಓವನ್ನನ್ನು ಬಾಣಲೆ ಪಾತ್ರೆ ತುಂಬಿಡಲು ಬಳಸುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ನಮ್ಮ ಅತ್ತೆಯ ಮನೆ ನೆನಪಾಯಿತು. ಅಲ್ಲಿ ಮದುವೆಯಲ್ಲಿ ಬಂದ ಓವನ್ನಿನೊಳಗೆ ಹಪ್ಪಳದ ಡಬ್ಬಿ ಇರುತ್ತಿತ್ತು. ನದಿಯಾ ಬೇಕಿಂಗಿನ ಮೊದಲ ಪಾಠ ಕಲಿತದ್ದು ಶಾಲೆಯ ಗೃಹವಿಜ್ಞಾನದ ಶಿಕ್ಷಕಿಯಿಂದ. ಉಳಿದದ್ದು ಪುಸ್ತಕ, ಅಂತರ್ಜಾಲ ಮತ್ತು ಮನೆಯವರ ನಾಲಿಗೆಯ ಮೇಲೆ ಮಾಡಿದ ಪ್ರಯೋಗ. ಮೂರು ಮಕ್ಕಳ ತಾಯಿಯಾಗಿ 2015ರಲ್ಲಿ ಬಿಬಿಸಿಯ ಬೇಕಿಂಗ್ ಸ್ಪರ್ಧೆಗೆ ಹೋದರು, ಗೆದ್ದರು. ಅಂತಿಮ ಸುತ್ತನ್ನು ಬ್ರಿಟನ್ನಿನಲ್ಲಿ 1.3 ಕೋಟಿಗೂ ಹೆಚ್ಚು ಜನ ನೋಡಿದರು. ಮರುವರ್ಷ ರಾಣಿ ಎಲಿಜಬೆತ್ ಅವರ 90ನೇ ಹುಟ್ಟುಹಬ್ಬಕ್ಕೆ ಕಿತ್ತಳೆಯ ಕೇಕ್ ಮಾಡಿಕೊಟ್ಟರು. ಆಮೇಲೆ ಅಡುಗೆ ಪುಸ್ತಕಗಳ ಸಾಲು, ಮಕ್ಕಳ ಪುಸ್ತಕ, ಕಾದಂಬರಿ, ಒಂದರ ಹಿಂದೊಂದು ಟಿ.ವಿ. ಕಾರ್ಯಕ್ರಮ, 2020ರ ಹೊಸವರ್ಷದ ಗೌರವಪಟ್ಟಿಯಲ್ಲಿ ಎಂಬಿಇ ಎಂಬ ಬ್ರಿಟಿಷ್ ಗೌರವ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದರಲ್ಲಿ ಕೇಕ್ ಮಾರಿದ ಮಾತು ಎಲ್ಲೂ ಇಲ್ಲ. ಅರ್ಧ ಕೆ.ಜಿ. ಬ್ಲ್ಯಾಕ್ ಫಾರೆಸ್ಟ್‌ಗೆ ಇಷ್ಟು ಎಂದು ದರ ಬರೆದು, ಸಂಜೆ ಆರಕ್ಕೆ ಗಿರಾಕಿ ಬರುತ್ತಾನೆಂದು ಗಡಿಯಾರ ನೋಡುತ್ತ ಕೂತು ಅವರು ಈ ಎತ್ತರಕ್ಕೆ ಬರಲಿಲ್ಲ. ಅವರು ಮಾರಿದ್ದು ಕೇಕ್ ಮಾಡುವ ರೀತಿಯನ್ನು, ಅದನ್ನು ಹೇಳುವ ಮಾತನ್ನು, ಮುಖದ ಮೇಲಿನ ನಗುವನ್ನು. ನಮ್ಮ ಬೀದಿಯವಳು ಮಾರುವುದು ಕೇಕನ್ನು. ಎರಡಕ್ಕೂ ಬೇಕರ್ ಎಂಬ ಒಂದೇ ಹೆಸರಿರುವುದರಿಂದ ಎರಡೂ ಒಂದೇ ಕಸುಬು ಎಂದು ನಾವು ಮೋಸ ಹೋಗುತ್ತೇವೆ.

ಇನ್ನೊಂದು, ಸ್ವಲ್ಪ ಹತ್ತಿರದ ಉದಾಹರಣೆ ದೆಹಲಿಯ ಶಿವೇಶ್ ಭಾಟಿಯಾ. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬೇಕಿಂಗ್ ಬರಹ, ಚಿತ್ರ ಶುರುಮಾಡಿದ ಹುಡುಗ. 2018ರಲ್ಲಿ ದೊಡ್ಡ ಪ್ರಕಾಶನವೊಂದರಿಂದ ಮೊದಲ ಪುಸ್ತಕ ಬಂತು. ಇವರ ಕಥೆಯಲ್ಲಿ ಟಿ.ವಿ. ಸ್ಪರ್ಧೆಯ ಜಾಗದಲ್ಲಿ ಕ್ಯಾಮೆರಾ ಇದೆ. ಬೆಳಕು ಯಾವ ಕಿಟಕಿಯಿಂದ ಬೀಳಬೇಕು, ತಟ್ಟೆಯ ಪಕ್ಕ ಯಾವ ಬಟ್ಟೆ ಇರಬೇಕು ಎಂಬುದು ಓವನ್ನಿನಷ್ಟೇ ಮುಖ್ಯವಾದ ಕೆಲಸವಾಯಿತು. ಆಮೇಲೆ ಮೊಟ್ಟೆಯಿಲ್ಲದ ಬೇಕಿಂಗಿಗೆಂದೇ ಒಂದು ಪುಸ್ತಕ ತಂದರು. ಭಾರತದ ಓದುಗರ ನಾಡಿ ಹಿಡಿದದ್ದು ಅಲ್ಲಿ ಎಂದು ನನ್ನ ಅನಿಸಿಕೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ನಮ್ಮ ಬೀದಿಯ ಲೆಕ್ಕ. ಆಕೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯುತ್ತಾಳೆ, ಮೇಷ್ಟ್ರ ಚಾಳಿ. ಒಂದು ಕೆ.ಜಿ. ಎಗ್‌ಲೆಸ್ ಬ್ಲ್ಯಾಕ್ ಫಾರೆಸ್ಟ್‌ಗೆ ಅರ್ಧ ಡಬ್ಬಿ ಕಂಡೆನ್ಸ್‌ಡ್ ಮಿಲ್ಕು, ಮೈದಾ, ಸಕ್ಕರೆ, ಎಣ್ಣೆ, ಕೋಕೋ. ಮೇಲಕ್ಕೆ ಕಾಲು ಲೀಟರಿಗಿಂತ ತುಸು ಹೆಚ್ಚು ವಿಪ್ಪಿಂಗ್ ಕ್ರೀಮು, ಚೆರ್ರಿ, ತುರಿದ ಚಾಕಲೇಟು. ಕೆಳಗಿನ ರಟ್ಟು, ಡಬ್ಬ, ‘ಹ್ಯಾಪಿ ಬರ್ತ್‌ಡೇ’ ಕಡ್ಡಿ. ಎಲ್ಲ ಸೇರಿ ಮುನ್ನೂರರ ಹತ್ತಿರ. ಮಾರುವುದು ಆರುನೂರೈವತ್ತಕ್ಕೆ. ಮೇಲುನೋಟಕ್ಕೆ ಅರ್ಧಕ್ಕರ್ಧ ಲಾಭ. ಆದರೆ ಸ್ಪಂಜ್ ಬೇಯಲು, ಆರಲು, ಕೆನೆ ಕಡೆಯಲು, ಬಳಿಯಲು, ಫ್ರಿಜ್ಜಿನಲ್ಲಿ ಗಟ್ಟಿಯಾಗಲು, ಪಾತ್ರೆ ತಿಕ್ಕಲು ಅರ್ಧ ದಿನ ಹೋಗುತ್ತದೆ. ದಿನಕ್ಕೆ ಎರಡು ಕೇಕ್ ಆದರೆ ಹೆಚ್ಚು. ಆರ್ಡರು ಬರುವುದು ಶನಿವಾರ, ಭಾನುವಾರ. ಶ್ರಾವಣ, ದಸರೆಯಲ್ಲಿ ಮನೆಯ ಪೂಜೆಯೇ ಕೆಲಸ. ಮುಖ್ಯರಸ್ತೆಯ ಬೇಕರಿಯವರು ಅದೇ ತೂಕವನ್ನು ಇನ್ನೂ ನೂರೈವತ್ತು ಕಡಿಮೆಗೆ ಕೊಡುತ್ತಾರೆ. ಅವರ ಓವನ್ನಿನಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಟ್ರೇ ಹಿಡಿಸುತ್ತದೆ. ಇವಳ ಓಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ, ಹಿಡಿಸುವುದು ಒಂದು ಟಿನ್ನು.

ಈ ಲೆಕ್ಕದಲ್ಲಿ ಬೆಳೆಯಲು ಜಾಗವೇ ಇಲ್ಲ. ಕೈಗಳು ಎರಡೇ, ಎಷ್ಟು ಚೆನ್ನಾಗಿ ಮಾಡಿದರೂ ಕೇಕುಗಳ ಸಂಖ್ಯೆ ಹೆಚ್ಚುವುದಿಲ್ಲ. ಬೆಲೆ ಏರಿಸಿದರೆ ಗಿರಾಕಿ ಬೇಕರಿಗೆ ಹೋಗುತ್ತಾನೆ. ಹಾಗಾಗಿ ಬೀದಿಯ ಮೂವರಲ್ಲಿ ಕೊಂಚ ಚುರುಕಾದವಳು ಕ್ಲಾಸ್ ಶುರುಮಾಡಿದಳು. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು, ಮೂರು ಬಗೆಯ ಕೇಕು, ಆರು ಜನ, ಕೊನೆಗೆ ಒಂದು ಸರ್ಟಿಫಿಕೇಟು. ಒಂದೇ ಭಾನುವಾರಕ್ಕೆ ಹತ್ತು ಹನ್ನೆರಡು ಕೇಕಿನ ದುಡ್ಡು. ಕಲಿಸಿದ ಪಾಠ ಮುಂದಿನ ವಾರವೂ ನಡೆಯುತ್ತದೆ, ಬಳಸಿದ ಕ್ರೀಮಿನಂತೆ ಮುಗಿದುಹೋಗುವುದಿಲ್ಲ. ಕಲಿಸುವುದೇ ವ್ಯಾಪಾರ ಎಂಬ ಸತ್ಯ ಅವಳಿಗೆ ಪುಸ್ತಕ ಓದದೆಯೇ ಹೊಳೆದಿತ್ತು.

ತೊಂದರೆ ಆರು ತಿಂಗಳ ಮೇಲೆ ಶುರು. ಕ್ಲಾಸಿಗೆ ಬಂದ ಆರು ಜನರಲ್ಲಿ ಇಬ್ಬರಾದರೂ ತಮ್ಮ ಗೇಟಿಗೂ ಫ್ಲೆಕ್ಸ್ ಕಟ್ಟುತ್ತಾರೆ. ಅದೇ ವಿನ್ಯಾಸ, ಅದೇ ರುಚಿ, ಐವತ್ತು ರೂಪಾಯಿ ಕಡಿಮೆ. ಇನ್ನೊಂದಿಷ್ಟು ತಿಂಗಳಿಗೆ ಅವರೂ ಕ್ಲಾಸ್ ತೆರೆಯುತ್ತಾರೆ. ಊರು ಅಷ್ಟೇ ಇದೆ, ಹುಟ್ಟುಹಬ್ಬಗಳೂ ಅಷ್ಟೇ ಇವೆ. “ನನ್ನ ರೆಸಿಪಿ ಕದ್ದರು” ಎಂದು ಜಗಳ ಮಾಡಿ ಫಲವಿಲ್ಲ. ಮೈದಾ ಇಷ್ಟು, ಮೊಸರು ಇಷ್ಟು ಎಂಬ ಪಟ್ಟಿಗೆ ಕೃತಿಸ್ವಾಮ್ಯ ಸಿಗುವುದಿಲ್ಲ. 1957ರ ಕಾಯ್ದೆ ಕಾಪಾಡುವುದು ಬರೆದ ರೀತಿಯನ್ನು, ತೆಗೆದ ಫೋಟೋವನ್ನು. ಅದರ ಹಿಂದಿನ ವಿಚಾರವನ್ನಲ್ಲ. ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಳತೆಯನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು, ನನ್ನ ಮಾತಿನಲ್ಲಿ ನಾನು ವಿವರಿಸಿದ್ದನ್ನು ಎತ್ತಿಕೊಳ್ಳುವಂತಿಲ್ಲ. ತರಗತಿಯಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಹೆಸರಿನ ಜೊತೆ ಉಳಿಯುತ್ತದೆ.

ಇದಕ್ಕೆ ನಮ್ಮೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1928ರ ಸುಮಾರಿಗೆ ಉತ್ತರದ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ಇಲ್ಲಿ ನಾಟಕ ಥಿಯೇಟರಿನ ಬಳಿ ದೋಸೆ ಹೊಯ್ಯಲು ಶುರುಮಾಡಿದರು, ಮೊದಮೊದಲು ಹಿಟ್ಟಿನಲ್ಲಿ ರಾಗಿ ಇತ್ತು, ಮುಂದೆ ಮಕ್ಕಳ ಕೈಗೆ ಬಂದು ಅದೇ ಬೆಣ್ಣೆ ದೋಸೆಯಾಯಿತು ಎಂಬುದು ಊರು ಹೇಳುವ ಕಥೆ. ಇಂದು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ಕಾಣುತ್ತದೆ. ಊರಿನ ಹೆಸರು ಉಳಿಯಿತು, ಹೆಂಗಸಿನ ಹೆಸರು ಬೋರ್ಡಿಗೆ ಏರಲಿಲ್ಲ. ತಾನೇ ಕಲಿತ ಅಡುಗೆಯವಳೊಬ್ಬಳು ಇಷ್ಟು ದೊಡ್ಡದನ್ನು ಮಾಡಿದ್ದು ಈ ಊರಲ್ಲೇ. ಆಕೆಯ ಕೈಯ ಅಳತೆ ಎಲ್ಲಿಯೂ ಬರಹಕ್ಕೆ ಇಳಿದಿದ್ದಂತಿಲ್ಲ.

ಬೇಕರಿ ವಿದ್ಯೆಯೂ ನಮ್ಮಲ್ಲಿ ಹೀಗೇ ಬಾಯಿಂದ ಬಾಯಿಗೆ ಬಂದದ್ದು. ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದರು; ಆಂಗ್ಲರೊಬ್ಬರ ಸ್ನೇಹದಿಂದ ಕೆಲಸ ಕಲಿತರಂತೆ. ಅಲ್ಲಿಂದ ಹಾಸನ ಸೀಮೆಯ ಊರುಗಳಿಗೆ, ಅಣ್ಣನಿಂದ ತಮ್ಮನಿಗೆ, ಮಾವನಿಂದ ಅಳಿಯನಿಗೆ ವಿದ್ಯೆ ಹರಿಯಿತು. ಹತ್ತನೇ ತರಗತಿ ಮುಗಿಸಿದ ಹುಡುಗ ಸಂಬಂಧಿಕರ ಒಲೆಯ ಮುಂದೆ ನಾಲ್ಕು ವರ್ಷ ನಿಂತು ತನ್ನದೇ ಅಂಗಡಿ ಹಾಕುವುದು ಅಲ್ಲಿನ ಪದ್ಧತಿ. ಅದಕ್ಕೆ ಪುಸ್ತಕ ಬೇಕಾಗಿರಲಿಲ್ಲ, ನೆಂಟಸ್ತನ ಸಾಕಿತ್ತು. ವಿದ್ಯಾನಗರದ ಹೆಣ್ಣುಮಗಳಿಗೆ ಅಂಥ ಒಲೆಯ ಮುಂದೆ ನಿಲ್ಲುವ ಅವಕಾಶ ಯಾರೂ ಕೊಡಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ. ಆದರೆ ಮಗುವನ್ನು ಯಾರ ಮಡಿಲಿಗೆ ಹಾಕಿ ವಾರಗಟ್ಟಲೆ ಅಲ್ಲಿರುವುದು? ‘ತಾನೇ ಕಲಿತವಳು’ ಎಂಬ ಹೊಗಳಿಕೆಯ ಅಡಿಯಲ್ಲಿ ಎಷ್ಟೋ ಸಲ ಇರುವುದು ಇದು: ಕಲಿಸುವವರು ಸಿಗಲಿಲ್ಲ.

ಹಾಗಾಗಿ ಫೋನು ಗುರುವಾಯಿತು. ಫೋನಿನ ಗುರು ಕಪ್ಪಿನ ಲೆಕ್ಕದಲ್ಲಿ ಹೇಳುತ್ತಾನೆ. ಅಮೆರಿಕದ ಅಡುಗೆಯವರು ಕಪ್ಪಿನಲ್ಲಿ ಅಳೆಯುವವರು, ಬ್ರಿಟನ್ನಿನವರು ಗ್ರಾಮಿನಲ್ಲಿ. ಒಂದು ಕಪ್ ಮೈದಾ ಎಂದರೆ ಚಮಚದಲ್ಲಿ ಸಡಿಲವಾಗಿ ತುಂಬಿದರೆ 120 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಮಿಗೂ ಹೋಗುತ್ತದೆ. ನೂರಕ್ಕೆ ಇಪ್ಪತ್ತೈದು ವ್ಯತ್ಯಾಸ. ಸಾರಿಗೆ ಬೇಳೆ ಇಷ್ಟು ಹೆಚ್ಚಾದರೆ ನೀರು ಸುರಿದು ಸರಿಮಾಡಬಹುದು. ಕೇಕು ಒಲೆಗೆ ಹೋದ ಮೇಲೆ ಕೈಮುಗಿಯುವುದೊಂದೇ. ಇದರ ಮೇಲೆ ಓಟಿಜಿಯ ಗುಂಡಿ 180 ಡಿಗ್ರಿ ತೋರಿಸಿದರೂ ಒಳಗೆ 165 ಇರಬಹುದು, 195 ಇರಬಹುದು. ನಡುವೆ ಕರೆಂಟು ಹೋಯಿತೋ, ಉಬ್ಬುತ್ತಿದ್ದ ಕೇಕು ನಡುವಿನಲ್ಲಿ ಕುಸಿದು ಬಾವಿಯಾಗುತ್ತದೆ. ಬೇಸಿಗೆಯಲ್ಲಿ ಇದು ಆಗುತ್ತಲೇ ಇರುತ್ತದೆ, ಅದಕ್ಕೇ ಆಕೆ ಈಗಲೂ ಅರ್ಧ ಕೆ.ಜಿ. ಆರ್ಡರನ್ನು ಕುಕ್ಕರಿನಲ್ಲೇ ಮಾಡುತ್ತಾಳೆ. ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು, ತಳಕ್ಕೆ ಉಪ್ಪು ಹಾಕಿ, ಸ್ಟ್ಯಾಂಡಿನ ಮೇಲೆ ಟಿನ್ನು. ಬಿಸಿ ಉಪ್ಪು ಕಾವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಮಾಡುವ ಕೆಲಸಕ್ಕೂ ಇದಕ್ಕೂ ದೂರವಿಲ್ಲ. ಈ ವಿದ್ಯೆ ಹೊರದೇಶದ ಯಾವ ಬೇಕರ್‌ನ ಪುಸ್ತಕದಲ್ಲೂ ನಾನು ಓದಿಲ್ಲ.

ಮೊಟ್ಟೆಯ ಮಾತು. ದಾವಣಗೆರೆಯಲ್ಲಿ ಕೇಕ್ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ದರವಲ್ಲ, “ಎಗ್‌ಲೆಸ್ ಐತಲ್ರಿ?” ಎಂಬುದು. ಮಗುವಿನ ನಾಮಕರಣಕ್ಕೆ, ಅಜ್ಜನ ಎಪ್ಪತ್ತಕ್ಕೆ, ಮಠದ ಕಡೆಯವರು ಕೂರುವ ಸಮಾರಂಭಕ್ಕೆ ಮೊಟ್ಟೆಯ ಕೇಕು ಬಾಗಿಲು ದಾಟುವುದಿಲ್ಲ. ಈಗ ಬೇಕಿಂಗಿನಲ್ಲಿ ಮೊಟ್ಟೆ ಮಾಡುವ ಕೆಲಸ ನೋಡಿ: ಕಡೆದಾಗ ಗಾಳಿಯನ್ನು ಹಿಡಿಯುತ್ತದೆ, ಎಣ್ಣೆ ನೀರನ್ನು ಬೆರೆಸುತ್ತದೆ, ಕಾವಿಗೆ ಗಟ್ಟಿಯಾಗಿ ಕೇಕಿಗೆ ಬೆನ್ನೆಲುಬಾಗುತ್ತದೆ. ಮೂರನ್ನೂ ಬೇರೆ ಬೇರೆ ಸಾಮಾನಿನಿಂದ ಮಾಡಿಸಬೇಕು. ಮೊಸರಿನ ಹುಳಿ ಅಡುಗೆ ಸೋಡಾವನ್ನು ಕೆರಳಿಸಿ ಗುಳ್ಳೆ ಎಬ್ಬಿಸುತ್ತದೆ. ಕಂಡೆನ್ಸ್‌ಡ್ ಮಿಲ್ಕಿನಲ್ಲಿರುವ ಹಾಲಿನ ಸತ್ವ ಸ್ವಲ್ಪ ಮಟ್ಟಿಗೆ ಕಟ್ಟು ಕೊಡುತ್ತದೆ. ಆದರೆ ಸೋಡಾ ಮೊಸರಿಗೆ ಬಿದ್ದ ಕ್ಷಣದಿಂದ ಗುಳ್ಳೆ ಒಡೆಯಲು ಶುರು. ತಕ್ಷಣ ಒಲೆಗೆ ಹೋಗಬೇಕು. ಗಂಟಿದೆ ಎಂದು ಇನ್ನೂ ಹತ್ತು ಸುತ್ತು ಕಲಸಿದರೆ ಮೈದಾ ಜಿಗುಟಾಗಿ ಕೇಕು ರಬ್ಬರು. ಬಿಬಿಸಿಯ ಸ್ಪರ್ಧೆ ನಡೆದ ಡೇರೆಯಲ್ಲಿ ಈ ಕಷ್ಟ ಯಾರಿಗೂ ಇರಲಿಲ್ಲ. ಮೊಟ್ಟೆಯ ತಟ್ಟೆ ಪಕ್ಕದಲ್ಲೇ ಇತ್ತು. ಭಾಟಿಯಾ ಅವರ ಮೊಟ್ಟೆಯಿಲ್ಲದ ಪುಸ್ತಕದ ಬಗ್ಗೆ ಮೇಲೆ ಹೇಳಿದ್ದು ಇದಕ್ಕೇ. ಆದರೆ ಅದು ಇಂಗ್ಲಿಷಿನಲ್ಲಿದೆ.

ಇನ್ನು ನಮ್ಮ ಏಪ್ರಿಲ್ ತಿಂಗಳು. ಮಧ್ಯಾಹ್ನದ ಕಾವಿಗೆ ಬೆಣ್ಣೆ ಕ್ರೀಮಿನ ಗುಲಾಬಿ ಪಿ.ಜೆ. ಬಡಾವಣೆ ಮುಟ್ಟುವ ಹೊತ್ತಿಗೆ ಗುಲಾಬಿಯಾಗಿ ಉಳಿದಿರುವುದಿಲ್ಲ. ಅದಕ್ಕೇ ಎಲ್ಲರೂ ಬಳಸುವುದು ತಾಳೆ ಎಣ್ಣೆಯಿಂದ ಮಾಡಿದ ಕ್ರೀಮು. ಅಗ್ಗ, ನಿಲ್ಲುತ್ತದೆ, ಬೆಳ್ಳಗಿದೆ. ಬೆಣ್ಣೆ ದೋಸೆಯ ಊರಿನ ಕೇಕಿನಲ್ಲಿ ಬೆಣ್ಣೆ ಇಲ್ಲ ಎಂಬುದನ್ನು ಹೇಳಿದಾಗ ಆಕೆ ನಕ್ಕಳು, ನನಗೆ ನಗು ಬರಲಿಲ್ಲ.

ಫೋನು ಕಲಿಸಿದ ಇನ್ನೊಂದು ಪಾಠ ಬಣ್ಣ. ರೀಲ್‌ನಲ್ಲಿ ಕಂದು ಕೇಕಿಗೆ ಯಾರೂ ಬೆರಳು ನಿಲ್ಲಿಸುವುದಿಲ್ಲ, ಕೆಂಪು ಕೇಕನ್ನು ಚಾಕು ಸೀಳುವಾಗ ನಿಲ್ಲಿಸುತ್ತಾರೆ. ಗಿರಾಕಿಯೂ ಅದೇ ಫೋಟೋ ಕಳಿಸಿ “ಇದೇ ಕಲರ್ ಬೇಕು” ಎನ್ನುತ್ತಾನೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂದವು. ಅಲ್ಯೂರಾ ರೆಡ್, ಸನ್‌ಸೆಟ್ ಯೆಲ್ಲೋ, ಪೊನ್ಸೋ 4ಆರ್, ಟಾರ್ಟ್ರಜೀನ್, ಕಾರ್ಮೊಯ್ಸಿನ್ ಮುಂತಾದ ಬಣ್ಣಗಳು ಸಿಕ್ಕವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಮುಂದೆ ಬಂತು. ಆ ವಾರ ಊರಲ್ಲಿ ಎಲ್ಲರೂ ಬೇಕರಿಯವರನ್ನು ಬೈದರು. ಬಣ್ಣ ಕೇಳಿದವರು ನಾವೇ ಎಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ಮಾಡುವವರ ಕಷ್ಟ ಇನ್ನೂ ಸೂಕ್ಷ್ಮದ್ದು: ಬಾಟಲಿಯಲ್ಲಿ ಎರಡು ಹನಿ ಎಂದು ಬರೆದಿರುತ್ತದೆ, ಫೋಟೋದ ಕೆಂಪು ಬರಲು ಒಂದು ಚಮಚ ಬೇಕು.

ಕಾನೂನಿನ ಕಡೆಯಿಂದ ಭಯಪಡುವಂಥದ್ದು ಕಡಿಮೆ. ಮನೆಯಲ್ಲಿ ಮಾಡಿ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. 2011ರ ನಿಯಮಗಳು ಸಣ್ಣವರಿಗೆ ಇದರ ಶುಲ್ಕವನ್ನು ವರ್ಷಕ್ಕೆ 100 ರೂಪಾಯಿ ಎಂದು ಇಟ್ಟವು. ಜಿಎಸ್‌ಟಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದ ಮೇಲಿನ ಮಾತು. ಆದರೂ 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿ, ಬೇಕರಿಗಳಿಗೆ ನೋಟಿಸ್ ಕೊಟ್ಟಾಗ ನಮ್ಮ ಬೀದಿಯವಳೂ ಒಂದು ವಾರ ಕ್ಯೂಆರ್ ಕೋಡ್ ಮುಚ್ಚಿಟ್ಟಿದ್ದಳು. ಅವಳ ವರ್ಷದ ವಹಿವಾಟು ಆ ಗಡಿಯ ಹತ್ತರಲ್ಲೊಂದು ಪಾಲೂ ಇಲ್ಲ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಕಂಡೆನ್ಸ್‌ಡ್ ಮಿಲ್ಕು, ಬೆಣ್ಣೆ, ಚಾಕಲೇಟುಗಳದ್ದೂ ಇಳಿಯಿತು, ಅದು ಇವಳಿಗೆ ಒಳ್ಳೆಯದು. ಆದರೆ ತೆರಿಗೆ ಕಟ್ಟುತ್ತಿದ್ದ ದೊಡ್ಡ ಬೇಕರಿಯ ಕೈಗೆ ದರ ಇಳಿಸುವ ಅವಕಾಶ ಬಂತು. ತೆರಿಗೆಯ ಹೊರಗಿದ್ದ ಇವಳಿಗೆ ಮೊದಲು ಇದ್ದ ಅನುಕೂಲ ಅಷ್ಟರಮಟ್ಟಿಗೆ ಸವೆಯಿತು.

ಮತ್ತೆ ಆಕೆಯ ಪ್ರಶ್ನೆಗೆ ಬಂದರೆ, ತಪ್ಪಿದ್ದು ಎಲ್ಲಿ? ಕೇಕಿನಲ್ಲಿ ತಪ್ಪಿಲ್ಲ. ನದಿಯಾ ಅವರಿಗೆ ಮೆಟ್ಟಿಲುಗಳಿದ್ದವು: ಶಾಲೆಯಲ್ಲೊಬ್ಬ ಶಿಕ್ಷಕಿ, ದೇಶವೇ ನೋಡುವ ಸ್ಪರ್ಧೆ, ಹಿಂದೆಯೇ ಬಂದ ಪ್ರಕಾಶಕರು. ಅಷ್ಟಿದ್ದೂ 2025ರಲ್ಲಿ ಬಿಬಿಸಿ ಅವರ ಹೊಸ ಅಡುಗೆ ಕಾರ್ಯಕ್ರಮ ತೆಗೆದುಕೊಳ್ಳದಿರಲು ನಿರ್ಧರಿಸಿತು ಎಂದು ಅವರೇ ಹೇಳಿಕೊಂಡರು. ಮೇಲಿನ ಮೆಟ್ಟಿಲೂ ಬೇರೆಯವರ ಮನೆಯದೇ. ದಾವಣಗೆರೆಯಲ್ಲಿ ಇರುವುದು ಫೋನೊಂದೇ ಮೆಟ್ಟಿಲು. ಯೂಟ್ಯೂಬಿನ ಜಾಹೀರಾತಿನ ಪಾಲಿಗೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ದಿನಕ್ಕೆ ಎರಡು ಕೇಕ್ ಮಾಡುವವಳು ಅದರ ನಡುವೆ ವಿಡಿಯೋ ಎಡಿಟ್ ಮಾಡಬೇಕು.

ನನಗೆ ತೋರುವ ದಾರಿ ಹಳೆಯದು, ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಕನ್ನಡದಲ್ಲಿ ಬರೆ ಎಂದೆ. ಓಟಿಜಿಗೂ ಕುಕ್ಕರಿಗೂ ಬೇರೆ ಬೇರೆ ಕಾಲ ಹೇಳುವ, ಮೊಟ್ಟೆಯಿಲ್ಲದ, ಗ್ರಾಮಿನಲ್ಲಿ ಅಳೆದ, ನಮ್ಮ ಬಿಸಿಲಿನಲ್ಲಿ ಪರೀಕ್ಷಿಸಿದ ಮೂವತ್ತು ಕೇಕು. ಹಿಟ್ಟಿನ ಅಡುಗೆಯನ್ನು ಕನ್ನಡದಲ್ಲಿ ಬರೆಯುವುದು ಹೊಸದೇನಲ್ಲ. ಕವಿ ಮೂರನೆಯ ಮಂಗರಸ 1508ರ ಸುಮಾರಿಗೇ ‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕಕ್ಕೆ ಒಂದು ಅಧ್ಯಾಯ ಕೊಟ್ಟು, ಅದನ್ನು ಪದ್ಯದಲ್ಲಿ ಹೇಳಿದ್ದ. ದುಡ್ಡಿನ ಆಸೆ ಇಟ್ಟುಕೊಳ್ಳಬೇಡ ಎಂದೂ ಹೇಳಿದೆ. ಕನ್ನಡ ಪುಸ್ತಕದ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಹತ್ತರಲ್ಲೊಂದು ಪಾಲಿನ ಆಸುಪಾಸು. ಸಾವಿರ ಪ್ರತಿ ಮಾರಿದರೂ ಒಂದು ಒಳ್ಳೆ ಓವನ್ನಿನ ದುಡ್ಡು ಬಂದರೆ ಹೆಚ್ಚು. ಆದರೆ ಪುಸ್ತಕ ಕೈಯಲ್ಲಿರುವ ಕ್ಲಾಸಿಗೂ ಇಲ್ಲದ ಕ್ಲಾಸಿಗೂ ಫೀ ಒಂದೇ ಇರುವುದಿಲ್ಲ, ಹರಿಹರದಿಂದ, ಚಿತ್ರದುರ್ಗದಿಂದ ಕರೆ ಬರುವುದೂ ಅದರಿಂದಲೇ.

“ನಂದು ಬರಹ ಯಾರು ಓದ್ತಾರೆ ಬಿಡ್ರಿ” ಅಂದಳು. ಆದರೂ ಎರಡು ದಿನ ಬಿಟ್ಟು ನೋಟ್‌ಬುಕ್ ತಂದಳು. ಕೋಕೋ ಬೆರಳಿನ ಗುರುತು, ಮೂಲೆಯಲ್ಲಿ ಎಣ್ಣೆ. ಮೊದಲ ಪುಟಗಳಲ್ಲಿ ‘ಲೋಟ’ ಎಂದಿದ್ದದ್ದನ್ನು ಹೊಡೆದು ಮೇಲೆ ಗ್ರಾಂ ಬರೆದಿದ್ದಾಳೆ. ಮೊಸರಿನ ಕೇಕಿನ ಪುಟದಲ್ಲಿ ‘ಸೋಡಾ ಸ್ವಲ್ಪ’ ಎಂದಿತ್ತು. ಸ್ವಲ್ಪ ಅಂದರೆ ಎಷ್ಟು ಅಂದೆ. ಎರಡು ಬೆರಳಲ್ಲಿ ಚಿವುಟಿ ತೋರಿಸಿದಳು. ನಮ್ಮ ತಕ್ಕಡಿ ತಂದಿಟ್ಟೆ. ಅವಳು ಚಿವುಟಿ ಹಾಕಿದಳು, ಸೊನ್ನೆ. ಇನ್ನೊಂದು ಸಲ, ಸೊನ್ನೆ. ಮೂರನೆಯದಕ್ಕೆ ಒಮ್ಮೆಗೇ 2 ಅಂತ ಬಂತು, ಕೈ ತೆಗೆದರೆ ಮತ್ತೆ ಸೊನ್ನೆ. ಇಬ್ಬರೂ ಸ್ವಲ್ಪ ಹೊತ್ತು ಆ ತಕ್ಕಡಿಯನ್ನೇ ನೋಡುತ್ತ ಕೂತೆವು. ಆಮೇಲೆ ಅವಳೇ ಚಹಾ ಚಮಚ ತೆಗೆದುಕೊಂಡು, ತುಂಬಿ, ಚಾಕುವಿನ ಹಿಂಬದಿಯಿಂದ ಸವರಿ, ಅರ್ಧ ಕೆಳಗೆ ಉದುರಿಸಿ, “ಇಷ್ಟು” ಅಂದಳು. ‘ಸ್ವಲ್ಪ’ ಹೊಡೆದು ‘ಚಹಾ ಚಮಚದಲ್ಲಿ ಅರ್ಧ, ಸವರಿದ್ದು’ ಎಂದು ಬರೆದಳು.